ರೂಟ್ ಆದ ಫೋನಿಗೆ ಅಪ್ಡೇಟ್ ಬಂದಾಗ: ಒತ್ತಿ ಅನ್ನುವುದೂ ತಪ್ಪು, ಒತ್ತಬೇಡಿ ಅನ್ನುವುದೂ ತಪ್ಪು

"ಅಣ್ಣಾ, ಫೋನಿಗೆ ಅಪ್ಡೇಟ್ ಬಂದೈತಿ, ಒತ್ತಲೋ ಬ್ಯಾಡೋ?"

ಸುದ್ದಿಗೆಂದು ಹಳ್ಳಿಗಳಿಗೆ ಹೋದಾಗ ಬರದ ಪರಿಹಾರ, ಬೆಳೆ ವಿಮೆ ವಿಚಾರಿಸಿದಷ್ಟೇ ಸಲ ಈ ಪ್ರಶ್ನೆಯನ್ನೂ ಜನ ನಮಗೆ ಕೇಳುತ್ತಾರೆ. ಕೈಯಲ್ಲಿ ಮೈಕ್ ಹಿಡಿದವರಿಗೆ ಫೋನಿನ ರಿಪೇರಿಯೂ ಗೊತ್ತಿರುತ್ತದೆ ಎಂದು ಅವರ ನಂಬಿಕೆ.

ಊರಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಕಟ್ಟೆ ಮೇಲೆ ಕೂತವರದು, "ಒತ್ತಬ್ಯಾಡೋ ತಮ್ಮಾ, ಅಪ್ಡೇಟ್ ಮಾಡಿದ ಮ್ಯಾಲೆ ನಂದು ಸ್ಲೋ ಆಗೇತಿ" ಎಂಬ ಉತ್ತರ. ಕಾಲೇಜಿಗೆ ಹೋಗುವ ಹುಡುಗರದು, "ಬಂದ ಕೂಡಲೇ ಒತ್ತಬೇಕ್ರೀ" ಎಂಬುದು. ಮಾಮೂಲಿ ಫೋನಾದರೆ ಹುಡುಗರ ಮಾತೇ ಸರಿ. ಚಾರ್ಜ್ ಅರ್ಧಕ್ಕಿಂತ ಹೆಚ್ಚಿರಲಿ, ಫೋಟೋಗಳ ಒಂದು ಪ್ರತಿ ಬೇರೆ ಕಡೆ ಇರಲಿ, ಒತ್ತಿ. ಅಲ್ಲಿಗೆ ಮುಗಿಯಿತು.

ಆದರೆ ನಿಮ್ಮ ಫೋನು ರೂಟ್ ಆಗಿದ್ದರೆ ಈ ಎರಡೂ ಉತ್ತರ ನಿಮಗಲ್ಲ. ಬಂದ ಕೂಡಲೇ ಒತ್ತಿದರೆ ಫೋನು ಕಂಪನಿಯ ಲೋಗೋ ತೋರಿಸುತ್ತ ಅಲ್ಲೇ ನಿಂತುಬಿಡಬಹುದು. ಒತ್ತುವುದೇ ಬೇಡವೆಂದು ವರ್ಷಗಟ್ಟಲೆ ಬಿಟ್ಟರೆ, ಬಾಗಿಲು ಮುರಿದ ಮನೆಯಲ್ಲಿ ದುಡ್ಡಿನ ಪೆಟ್ಟಿಗೆ ಇಟ್ಟು ಮಲಗಿದ ಹಾಗೆ. ರೂಟ್ ಆದ ಫೋನಿಗೂ ಕಂಪನಿಯ ಅಪ್ಡೇಟ್ ಹಾಕಲೇಬೇಕು, ಆದರೆ ಅದಕ್ಕೆ ಬೇರೆ ದಾರಿ ಇದೆ ಎಂಬುದು ನಮ್ಮ ವಾದ. ಆ ದಾರಿಯನ್ನು ಜನರಿಗೆ ಹೇಳದೆ ಇರುವವರ ಮೇಲೆ ನಮಗೆ ಸಿಟ್ಟೂ ಇದೆ. ಅದನ್ನು ಮುಂದೆ ಹೇಳುತ್ತೇವೆ.

"ನಾನು ರೂಟ್ ಗೀಟ್ ಏನೂ ಮಾಡಿಸಿಲ್ಲ, ನನಗ್ಯಾಕೆ ಇದು" ಎನ್ನಬೇಡಿ. ನಮ್ಮ ಕಡೆ ರೂಟ್ ಆದ ಫೋನ್ ಹಿಡಿದಿರುವ ಅರ್ಧಕ್ಕರ್ಧ ಜನಕ್ಕೆ ಅದು ರೂಟ್ ಆಗಿದೆ ಅನ್ನುವುದೇ ಗೊತ್ತಿಲ್ಲ. ಇದು ಲೆಕ್ಕ ಹಾಕಿ ಹೇಳಿದ್ದಲ್ಲ, ಕಂಡದ್ದು. ಬೆಂಗಳೂರಿಗೆ ದುಡಿಯಲು ಹೋದ ಅಳಿಯನೋ ಅಣ್ಣನ ಮಗನೋ ಎಸ್.ಪಿ. ರಸ್ತೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುತ್ತಾನೆ. ಒಂದು ವರ್ಷ ಬಳಸಿ, ದೀಪಾವಳಿಗೆ ಊರಿಗೆ ಬಂದಾಗ ಅವ್ವನ ಕೈಗೆ ಕೊಟ್ಟು ಹೋಗುತ್ತಾನೆ. ಆ ಫೋನಿನ ಮೊದಲ ಮಾಲೀಕ ಯಾರೋ ಎಂಜಿನಿಯರಿಂಗ್ ವಿದ್ಯಾರ್ಥಿ, ಹುಮ್ಮಸ್ಸಿಗೆ ರೂಟ್ ಮಾಡಿರುತ್ತಾನೆ. ಅವ್ವನಿಗೆ ಗೊತ್ತಿರುವುದು ಹಸಿರು ಬಟನ್ನು, ಕೆಂಪು ಬಟನ್ನು, ವಾಟ್ಸಾಪ್. ಒಂದು ದಿನ ಅಪ್ಡೇಟ್ ಸೂಚನೆ ಬರುತ್ತದೆ, ಆಕೆ ಏನೋ ಮೆಸೇಜ್ ಎಂದುಕೊಂಡು ಒತ್ತುತ್ತಾಳೆ.

ತಾಲೂಕಿನ ಮೊಬೈಲ್ ಅಂಗಡಿಗಳದು ಇನ್ನೊಂದು ದಾರಿ. "ಫೋನ್ ಹ್ಯಾಂಗ್ ಆಗ್ತೈತ್ರೀ" ಎಂದು ಹೋದವರಿಗೆ "ಸಾಫ್ಟ್‌ವೇರ್ ಹಾಕ್ತೀನಿ" ಎನ್ನುತ್ತಾರೆ. ಕೆಲವರು ನಿಜವಾಗಿಯೂ ಕಂಪನಿಯ ಸಾಫ್ಟ್‌ವೇರನ್ನೇ ಹೊಸದಾಗಿ ಹಾಕಿ ಕೊಡುತ್ತಾರೆ. ಕೆಲವರು ರೂಟ್ ಮಾಡಿ, ಬೇಡದ ಆ್ಯಪ್‌ಗಳನ್ನು ಕಿತ್ತು, "ಈಗ ನೋಡ್ರಿ ಗಾಳಿ ಓಡಿದಂಗ ಓಡ್ತೈತಿ" ಎಂದು ಕಳಿಸುತ್ತಾರೆ. ಫೋನು ಓಡುವುದೂ ನಿಜ. ಮುಂದಿನ ಅಪ್ಡೇಟ್ ಬರುವವರೆಗೆ.

ರೂಟ್ ಮಾಡುವವರೆಲ್ಲ ಕೆಟ್ಟವರು ಎಂದು ನಾವು ಹೇಳುತ್ತಿಲ್ಲ. ಕನ್ನಡಿಗರಿಗೆ ರೂಟ್ ಬೇಕಾಗಿದ್ದ ಒಂದು ಕಾಲವೇ ಇತ್ತು. ಈಗಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಂಡ್ರಾಯ್ಡ್ 2.2, 2.3 ಫೋನುಗಳು ನಮ್ಮ ಕೈಗೆ ಬಂದ ಹೊಸತರಲ್ಲಿ ಬಹಳಷ್ಟು ಫೋನುಗಳಲ್ಲಿ ಕನ್ನಡ ಕಾಣುತ್ತಲೇ ಇರಲಿಲ್ಲ. ಕನ್ನಡದ ಪತ್ರಿಕೆಯ ಪುಟ ತೆರೆದರೆ ಸಾಲು ಸಾಲಾಗಿ ಖಾಲಿ ಚೌಕಗಳು. ಒಪೆರಾ ಮಿನಿ ಬ್ರೌಸರಿನಲ್ಲಿ ಒಂದು ಅಡಗಿದ ಸೆಟ್ಟಿಂಗ್ ಬದಲಿಸಿದರೆ ಅಕ್ಷರಗಳು ಚಿತ್ರದ ರೂಪದಲ್ಲಿ ಬರುತ್ತಿದ್ದವು, ಅದೊಂದೇ ಸುಲಭದ ಉಪಾಯ. ಉಳಿದಂತೆ, ಫೋನ್ ರೂಟ್ ಮಾಡಿ ಸಿಸ್ಟಮ್ ಒಳಗಿನ ಫಾಂಟ್‌ಗಳ ಫೋಲ್ಡರಿಗೆ ಕನ್ನಡದ ಫಾಂಟ್ ತುರುಕಬೇಕಿತ್ತು. ತುರುಕಿದರೂ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲೇ ಕೂರುತ್ತಿತ್ತು. ಯಾಕೆಂದರೆ ಅಕ್ಷರ ಜೋಡಿಸುವ ವ್ಯವಸ್ಥೆಯೇ ಫೋನಿನಲ್ಲಿ ಇರಲಿಲ್ಲ. ಆದರೂ ಚೌಕಗಳಿಗಿಂತ ವಾಸಿ ಎಂದು ಓದಿಕೊಳ್ಳುತ್ತಿದ್ದರು.

2012ರಲ್ಲಿ ಗೂಗಲ್ ಆಂಡ್ರಾಯ್ಡ್ 4.1 ಬಿಡುಗಡೆ ಮಾಡಿತು. ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳ ಬೆಂಬಲ ಅದರೊಂದಿಗೇ ಬಂತು. ಇಲ್ಲೊಂದು ತಮಾಷೆ ನೋಡಿ. ಕನ್ನಡಕ್ಕಾಗಿ ಫೋನ್ ರೂಟ್ ಮಾಡಿಕೊಂಡಿದ್ದವರಿಗೆ, ಸರಿಯಾದ ಕನ್ನಡ ತರುವ ಆ ಕಂಪನಿ ಅಪ್ಡೇಟ್ ಹಾಕಿಕೊಳ್ಳುವುದೇ ಕಷ್ಟವಾಯಿತು. ಫೋನು "ಸಿಸ್ಟಮ್ ಬದಲಾಗಿದೆ" ಎಂದು ತಿರಸ್ಕರಿಸುತ್ತಿತ್ತು. ಕಂಪ್ಯೂಟರಿಗೆ ಜೋಡಿಸಿ ಎಲ್ಲವನ್ನೂ ಹೊಸದಾಗಿ ಹಾಕಬೇಕಿತ್ತು.

ಆ ಅಗತ್ಯ ಈಗಿಲ್ಲ. ಈಗ ರೂಟ್ ಮಾಡುವವರ ಕಾರಣ ಬೇರೆ. ಕಂಪನಿ ತುಂಬಿ ಕಳಿಸಿದ ಆ್ಯಪ್ ಮತ್ತು ಜಾಹೀರಾತು ಕೀಳಲು, 32 ಜಿಬಿ ಫೋನಿನಲ್ಲಿ ಒಂದಿಷ್ಟು ಜಾಗ ಮಾಡಿಕೊಳ್ಳಲು, ಕಂಪನಿ ಕೈಬಿಟ್ಟ ಫೋನಿಗೆ ಹೊಸ ಆಂಡ್ರಾಯ್ಡ್ ಹಾಕಿ ಇನ್ನೆರಡು ವರ್ಷ ತಳ್ಳಲು. ನಮ್ಮ ವೃತ್ತಿಯವರಿಗೆ ಇನ್ನೊಂದು ಕಾರಣವಿದೆ. 2018ರ ಆಂಡ್ರಾಯ್ಡ್ 9ರಿಂದ ಹೊರಗಿನ ಆ್ಯಪ್‌ಗಳು ಕರೆ ರೆಕಾರ್ಡ್ ಮಾಡುವ ದಾರಿಯನ್ನು ಗೂಗಲ್ ಮುಚ್ಚಿತು. ಉಳಿದಿದ್ದ ಸಂದಿಯನ್ನು 2022ರ ಮೇ ತಿಂಗಳಲ್ಲಿ ಪ್ಲೇ ಸ್ಟೋರ್ ನಿಯಮದ ಮೂಲಕ ಮುಚ್ಚಿತು. "ನಾನು ಹಾಗೆ ಹೇಳೇ ಇಲ್ಲ" ಎಂದು ಮರುದಿನ ತಿರುಗಿ ಬೀಳುವ ಅಧಿಕಾರಿಗಳ ಜೊತೆ ಏಗುವ ವರದಿಗಾರರು ರೂಟ್ ಕಡೆ ನೋಡಿದರೆ ಅವರನ್ನು ಬೈಯಲು ನಮಗೆ ಬಾಯಿ ಬರುವುದಿಲ್ಲ.

ಹಾಗಾದರೆ ರೂಟ್ ಎಂದರೇನು? ನೀವು ದುಡ್ಡು ಕೊಟ್ಟು ಕೊಂಡ ಫೋನಿನಲ್ಲಿ ನೀವು ಬಾಡಿಗೆದಾರರು. ಕೋಣೆಯೊಳಗೆ ಏನು ಬೇಕಾದರೂ ಇಟ್ಟುಕೊಳ್ಳಬಹುದು, ಗೋಡೆ ಒಡೆಯುವಂತಿಲ್ಲ. ಗೋಡೆ ಒಡೆಯುವ ಅಧಿಕಾರ 'ರೂಟ್' ಎಂಬ ಹೆಸರಿನ ಬಳಕೆದಾರನಿಗೆ ಮಾತ್ರ. ಆಂಡ್ರಾಯ್ಡ್ ಕೆಳಗಿರುವ ಲಿನಕ್ಸ್‌ನಲ್ಲಿ ಮೊದಲಿನಿಂದ ಇರುವ ಪದ್ಧತಿ ಇದು. ಆ ಅಧಿಕಾರವನ್ನು ನೀವು ಪಡೆದುಕೊಂಡರೆ ಫೋನ್ ರೂಟ್ ಆಯಿತು. ಅಧಿಕಾರ ನಿಮಗೆ ಬಂದರೆ, ನೀವು ಅನುಮತಿ ಕೊಟ್ಟ ಆ್ಯಪ್‌ಗೂ ಬರುತ್ತದೆ. ಅದು ಒಳ್ಳೆಯ ಆ್ಯಪ್ ಆದರೂ, ಕಳ್ಳ ಆ್ಯಪ್ ಆದರೂ.

ಇನ್ನು ಅಪ್ಡೇಟ್ ಕೆಲಸ ಮಾಡುವ ರೀತಿ. ಫೋನಿಗೆ ಗಾಳಿಯಲ್ಲಿ ಬರುವ ಅಪ್ಡೇಟನ್ನು ಓಟಿಎ ಎನ್ನುತ್ತಾರೆ. ಅದು ಪೂರ್ತಿ ಸಾಫ್ಟ್‌ವೇರ್ ಅಲ್ಲ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಟ್ಟಿ ಕಳಿಸಿರುತ್ತಾರೆ. ಅದಕ್ಕೇ ಸಾಮಾನ್ಯವಾಗಿ ಕೆಲವು ನೂರು ಎಂಬಿಯಲ್ಲಿ ಮುಗಿಯುತ್ತದೆ. ವ್ಯತ್ಯಾಸ ಜೋಡಿಸಬೇಕಾದರೆ ಹಳೆಯದು ಕಂಪನಿ ಕೊಟ್ಟ ಹಾಗೆಯೇ ಇರಬೇಕಲ್ಲವೇ? ಹದ್ದುಬಸ್ತಿಗೆ ಬಂದ ಸರ್ವೇಯರ್ ಮೊದಲು ಹಳೆಯ ಕಲ್ಲು ಹುಡುಕುತ್ತಾನೆ. ಕಲ್ಲು ಜಾಗ ಬದಲಿಸಿದ್ದರೆ ಸರಪಳಿ ಎಳೆಯುವುದೇ ಇಲ್ಲ, ವಾಪಸ್ ಹೋಗುತ್ತಾನೆ. ಓಟಿಎ ಕೂಡ ಹಾಗೆಯೇ. 2014ರ ಆಂಡ್ರಾಯ್ಡ್ 5ಕ್ಕಿಂತ ಮೊದಲು ಅದು ಒಂದೊಂದು ಫೈಲನ್ನು ನೋಡುತ್ತಿತ್ತು. ಆಮೇಲೆ ಫೈಲು ಬಿಟ್ಟು, ಸಂಗ್ರಹದ ತುಂಡು ತುಂಡನ್ನೇ ತಾಳೆ ನೋಡಲು ಶುರು ಮಾಡಿತು. ಎಷ್ಟು ಬಿಗಿ ಎಂದರೆ, ನೀವು ಒಂದು ಫೈಲನ್ನೂ ಬದಲಿಸದೆ, ಸಿಸ್ಟಮ್ ಭಾಗವನ್ನು ಬರೆಯುವ ಅನುಮತಿಯೊಂದಿಗೆ ಒಂದೇ ಒಂದು ಸಲ ತೆರೆದು ಮುಚ್ಚಿದರೂ ಸಾಕು, ಮೊದಲ ತುಂಡಿನ ಲೆಕ್ಕ ಬದಲಾಗಿ ಓಟಿಎ ನಿಂತುಹೋಗುತ್ತದೆ.

ಹೀಗೆ ನಿಂತುಹೋದರೆ ನಿಮ್ಮ ಅದೃಷ್ಟ ಎಂದೇ ತಿಳಿಯಿರಿ. "ಇನ್‌ಸ್ಟಾಲ್ ಆಗಲಿಲ್ಲ" ಎಂದು ಹೇಳಿ ಫೋನು ಹಳೆಯ ಸ್ಥಿತಿಯಲ್ಲೇ ಏಳುತ್ತದೆ. ಎರಡನೆಯ ಸಾಧ್ಯತೆ, ಅಪ್ಡೇಟ್ ಆಗುತ್ತದೆ, ರೂಟ್ ಹೋಗುತ್ತದೆ. ಅದೂ ಕೆಟ್ಟದ್ದೇನಲ್ಲ. ಕೆಟ್ಟದ್ದು ಮೂರನೆಯದು. ಅರ್ಧ ಹೊಸದು, ಅರ್ಧ ತಿದ್ದಿದ್ದು ಸೇರಿ ಫೋನು ಲೋಗೋ ತೋರಿಸುತ್ತದೆ, ಆರುತ್ತದೆ, ಮತ್ತೆ ತೋರಿಸುತ್ತದೆ. ಕಂಪನಿಯ ರಿಕವರಿ ತೆಗೆದು ಟಿಡಬ್ಲ್ಯೂಆರ್‌ಪಿಯಂಥದ್ದು ಹಾಕಿದ್ದರೆ, ಪ್ರತಿ ಸಲ ಆನ್ ಮಾಡಿದಾಗಲೂ ರಿಕವರಿಯಲ್ಲೇ ಹೋಗಿ ನಿಲ್ಲುವುದೂ ಉಂಟು. ಅಂಗಡಿಯವರು ಆಗ ಹೇಳುವ ಮಾತು ಒಂದೇ: "ಡೇಟಾ ಹೋಗ್ತೈತ್ರೀ, ನಡೀತೈತಾ?" ತೀರಿಹೋದ ಯಜಮಾನರ ಫೋಟೋ, ಮಗಳ ಮದುವೆಯ ವಿಡಿಯೋ, ಸೊಸೈಟಿ ಸಾಲದ ರಸೀದಿಯ ಚಿತ್ರ ಎಲ್ಲವೂ ಆ 'ಡೇಟಾ' ಎಂಬ ಎರಡಕ್ಷರದೊಳಗೆ ಇರುತ್ತವೆ.

ಈಗ ಸರಿಯಾದ ದಾರಿ. ನಿಮ್ಮ ಫೋನನ್ನು ಯಾವುದರಿಂದ ರೂಟ್ ಮಾಡಲಾಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈಚಿನ ಫೋನುಗಳಲ್ಲಿ ಹೆಚ್ಚಾಗಿ ಕಾಣುವುದು ಮ್ಯಾಜಿಸ್ಕ್. ಜಾನ್ ವೂ ಎಂಬ ಹುಡುಗ 2016ರಲ್ಲಿ ಬಿಡುಗಡೆ ಮಾಡಿದ್ದು. ಇದರ ಜಾಣತನ ಏನೆಂದರೆ ಸಿಸ್ಟಮ್ ಭಾಗವನ್ನು ಮುಟ್ಟುವುದಿಲ್ಲ. ಫೋನು ಏಳುವಾಗ ಮೊದಲು ಓದುವ ಬೂಟ್ ಇಮೇಜ್ ಎಂಬ ಸಣ್ಣ ಭಾಗವನ್ನಷ್ಟೇ ತಿದ್ದುತ್ತದೆ. ಮೂಲ ಬೂಟ್ ಇಮೇಜಿನ ಪ್ರತಿಯನ್ನೂ ಎತ್ತಿಟ್ಟುಕೊಂಡಿರುತ್ತದೆ. ಹಾಗಾಗಿ ಕಲ್ಲನ್ನು ಹಳೆಯ ಜಾಗದಲ್ಲಿ ನೆಟ್ಟು, ಸರ್ವೇಯರನನ್ನು ಕರೆದು, ಆಮೇಲೆ ಮತ್ತೆ ನಮ್ಮ ಕೆಲಸ ಮಾಡಿಕೊಳ್ಳುವುದು ಸಾಧ್ಯ.

ಇದರಲ್ಲೂ ಎರಡು ಬಗೆಯ ಫೋನುಗಳಿವೆ. 2016ರ ಆಂಡ್ರಾಯ್ಡ್ 7ರಿಂದ ಕೆಲವು ಫೋನುಗಳಲ್ಲಿ ಸಿಸ್ಟಮ್‌ಗೆ ಎರಡು ಜಾಗ ಇಟ್ಟಿರುತ್ತಾರೆ, ಎ ಮತ್ತು ಬಿ. ನೀವು ಎ ಮೇಲೆ ಕೆಲಸ ಮಾಡುತ್ತಿರುವಾಗಲೇ ಅಪ್ಡೇಟ್ ಬಿ ಒಳಗೆ ಕೂರುತ್ತದೆ. ರೀಸ್ಟಾರ್ಟ್ ಮಾಡಿದಾಗ ಫೋನು ಬಿಯಿಂದ ಏಳುತ್ತದೆ. ನಿಮ್ಮದು ಇಂಥ ಫೋನಾಗಿದ್ದರೆ ಕ್ರಮ ಹೀಗೆ. ಮೊದಲು ಡೆವಲಪರ್ ಆಯ್ಕೆಗಳಲ್ಲಿ ತಾನಾಗಿ ಅಪ್ಡೇಟ್ ಆಗುವುದನ್ನು ಬಂದ್ ಮಾಡಿರಬೇಕು, ಇಲ್ಲದಿದ್ದರೆ ಅದು ನಿಮ್ಮನ್ನು ಕೇಳದೆ ರಾತ್ರಿ ಕೂತುಬಿಡುತ್ತದೆ. ಅಪ್ಡೇಟ್ ಬಂದ ಮೇಲೆ ಮ್ಯಾಜಿಸ್ಕ್ ಮಾಡ್ಯೂಲ್‌ಗಳನ್ನು ಬಂದ್ ಮಾಡಿ. ಮ್ಯಾಜಿಸ್ಕ್ ಆ್ಯಪ್‌ನಲ್ಲಿ ಅನ್‌ಇನ್‌ಸ್ಟಾಲ್ ಒತ್ತಿ, ಅಲ್ಲಿ ಬರುವ 'ರಿಸ್ಟೋರ್ ಇಮೇಜಸ್' ಆರಿಸಿ. ಪೂರ್ತಿ ತೆಗೆದುಹಾಕುವ ಇನ್ನೊಂದು ಆಯ್ಕೆಯೂ ಅಲ್ಲೇ ಇರುತ್ತದೆ, ಅದನ್ನಲ್ಲ. ಈಗ ಫೋನ್ ರೀಸ್ಟಾರ್ಟ್ ಮಾಡಬೇಡಿ. ನೇರ ಸೆಟ್ಟಿಂಗ್ಸ್‌ಗೆ ಹೋಗಿ ಕಂಪನಿಯ ಅಪ್ಡೇಟ್ ಹಾಕಿ. ಮುಗಿದ ಮೇಲೆ ಅದು "ರೀಸ್ಟಾರ್ಟ್ ಮಾಡಿ" ಎಂದು ಕೇಳುತ್ತದೆ. ಆಗಲೂ ಮಾಡಬೇಡಿ. ತಪ್ಪಾಗುವುದು ಬಹುಪಾಲು ಇಲ್ಲಿಯೇ. ಮತ್ತೆ ಮ್ಯಾಜಿಸ್ಕ್ ತೆರೆದು ಇನ್‌ಸ್ಟಾಲ್ ಒತ್ತಿ, 'ಇನ್‌ಆ್ಯಕ್ಟಿವ್ ಸ್ಲಾಟ್'ಗೆ, ಅಂದರೆ ಅಪ್ಡೇಟ್ ಕೂತಿರುವ ಇನ್ನೊಂದು ಜಾಗಕ್ಕೆ ಹಾಕಿ. ಅದು ಮುಗಿದು, ಮ್ಯಾಜಿಸ್ಕ್ ಒಳಗೇ ಕಾಣುವ ರೀಬೂಟ್ ಬಟನ್ ಒತ್ತಿದರೆ ಹೊಸ ಸಾಫ್ಟ್‌ವೇರ್ ಜೊತೆ ರೂಟ್ ಕೂಡ ಉಳಿದು ಏಳುತ್ತದೆ. ರೂಟ್ ಬೇಡವಾದರೆ ಈ ಕೊನೆಯ ಎರಡು ಕೆಲಸ ಬಿಟ್ಟು ಸೀದಾ ರೀಸ್ಟಾರ್ಟ್ ಮಾಡಿ. ಬೇಡ ಎನ್ನುವವರಿಗೆ ರೂಟ್‌ನಿಂದ ಹೊರಬರಲು ಇದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ.

ಎರಡು ಜಾಗ ಇಲ್ಲದ ಫೋನಾದರೆ ಇಷ್ಟು ಸಲೀಸಲ್ಲ. ಅಲ್ಲಿ ವ್ಯತ್ಯಾಸದ ಓಟಿಎ ಹಿಂದೆ ಬೀಳದೆ, ಅದೇ ಮಾದರಿಗೆ ಕಂಪನಿ ಕೊಡುವ ಪೂರ್ತಿ ಪ್ಯಾಕೇಜ್ ಹಾಕುವುದು ಕ್ಷೇಮ. ಪೂರ್ತಿ ಪ್ಯಾಕೇಜ್ ಹಳೆಯದನ್ನು ತಾಳೆ ನೋಡುವುದಿಲ್ಲ, ಎಲ್ಲವನ್ನೂ ಹೊಸದಾಗಿ ಬರೆಯುತ್ತದೆ. ಆಮೇಲೆ ಅದರಲ್ಲಿರುವ ಬೂಟ್ ಇಮೇಜನ್ನು ಮ್ಯಾಜಿಸ್ಕ್‌ನಿಂದ ತಿದ್ದಿಸಿ, ಕಂಪ್ಯೂಟರ್ ಮೂಲಕ ಮತ್ತೆ ಹಾಕಬೇಕು. ಆಂಡ್ರಾಯ್ಡ್ 13ರೊಂದಿಗೆ ಮಾರುಕಟ್ಟೆಗೆ ಬಂದ ಫೋನುಗಳಲ್ಲಿ ತಿದ್ದಬೇಕಾದ್ದು ಸಾಮಾನ್ಯವಾಗಿ 'ಇನಿಟ್ ಬೂಟ್' ಎಂಬ ಬೇರೆ ಭಾಗ, ಇದನ್ನು ಮರೆಯಬೇಡಿ. ಪೂರ್ತಿ ಪ್ಯಾಕೇಜ್ ಗಾತ್ರ ಕೆಲವು ಜಿಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಕೊಂಡು, ಟವರ್ ಸಿಗಲು ಗುಡ್ಡ ಹತ್ತುವ ನಮ್ಮವರು ಇದನ್ನು ಹೇಗೆ ಇಳಿಸಿಕೊಳ್ಳಬೇಕು ಎಂದು ಕೇಳಿದರೆ, ತಾಲೂಕಿಗೆ ಬಂದಾಗ ವೈಫೈ ಇರುವ ಕಡೆ ಕೂತು ಇಳಿಸಿಕೊಳ್ಳುವುದೇ ಮಾರ್ಗ.

ಸ್ಯಾಮ್‌ಸಂಗ್ ಕತೆ ಬೇರೆ. ಅದರಲ್ಲಿ ನಾಕ್ಸ್ ಎಂಬ ಒಂದು ಫ್ಯೂಸ್ ಇದೆ, ಅನಧಿಕೃತ ಸಾಫ್ಟ್‌ವೇರ್ ಹಾಕಿದರೆ ಹಾರುತ್ತದೆ, ಮತ್ತೆ ಕೂಡಿಸಲು ಬರುವುದಿಲ್ಲ. ರೂಟ್ ಆದ ಸ್ಯಾಮ್‌ಸಂಗಿಗೆ ಗಾಳಿಯಲ್ಲಿ ಅಪ್ಡೇಟ್ ಬರುವುದೇ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಓಡಿನ್ ಎಂಬ ಸಾಧನದಿಂದ ಪೂರ್ತಿ ಸಾಫ್ಟ್‌ವೇರ್ ಹಾಕಬೇಕು. ಆಗ ಸಿಎಸ್‌ಸಿ ಎಂಬ ಫೈಲು ಎರಡು ಹೆಸರಲ್ಲಿ ಇರುತ್ತದೆ. ಬರೀ 'ಸಿಎಸ್‌ಸಿ' ಹಾಕಿದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, 'ಹೋಮ್ ಸಿಎಸ್‌ಸಿ' ಹಾಕಿದರೆ ಉಳಿಯುತ್ತದೆ. ಅಂಗಡಿಗೆ ಕೊಡುವಾಗ ಈ ಒಂದು ಮಾತು ಹೇಳಿ. ಅಂಗಡಿಯವರು ಮುಖ ನೋಡುತ್ತಾರೆ, ನೋಡಲಿ.

ಕಿಂಗ್‌ರೂಟ್, ಸೂಪರ್‌ಎಸ್‌ಯು ಹಾಕಿದ ಹಳೆಯ ಫೋನುಗಳಿಗೆ ಉಪಾಯ ಮಾಡುತ್ತ ಕೂರಬೇಡಿ. ಪೂರ್ತಿ ಸಾಫ್ಟ್‌ವೇರ್ ಹೊಸದಾಗಿ ಹಾಕಿಸಿ, ರೂಟ್ ಬಿಡಿ.

ಎಲ್ಲ ಫೋನಿಗೂ ಅನ್ವಯಿಸುವ ಎರಡು ಎಚ್ಚರಿಕೆಗಳಿವೆ. ಹಳೆಯ ಸಾಫ್ಟ್‌ವೇರಿಗೆ ಹಿಂದಿರುಗುವ ಆಸೆ ಬೇಡ. ಈಗಿನ ಫೋನುಗಳಲ್ಲಿ ಹಿಂದೆ ಹೋಗದಂತೆ ತಡೆ ಇರುತ್ತದೆ. ಪಿಕ್ಸೆಲ್ 6ಕ್ಕೆ ಆಂಡ್ರಾಯ್ಡ್ 13 ಹಾಕಿದ ಮೇಲೆ 12ಕ್ಕೆ ಮರಳಲು ಆಗದು ಎಂದು 2022ರಲ್ಲಿ ಗೂಗಲ್ ತಾನೇ ಹೇಳಿತ್ತು. ಈ ತಡೆಯನ್ನು ಲೆಕ್ಕಿಸದೆ ಹಳೆಯದು ಹಾಕಿದರೆ ಫೋನು ಇಟ್ಟಿಗೆಯ ಹಾಗೆ ಸತ್ತು ಬೀಳಬಹುದು, ಅಂಗಡಿಯ ಹುಡುಗರು 'ಬ್ರಿಕ್' ಎನ್ನುವುದು ಇದಕ್ಕೇ. ಎರಡನೆಯದು, ತಿದ್ದಿದ ಸಾಫ್ಟ್‌ವೇರ್ ಒಳಗಿರುವಾಗ ಬೂಟ್‌ಲೋಡರ್‌ಗೆ ಮತ್ತೆ ಬೀಗ ಹಾಕಲು ಹೋಗಬೇಡಿ. ಬೀಗ ಹಾಕುವುದು, ತೆಗೆಯುವುದು ಎರಡೂ ಡೇಟಾ ಅಳಿಸುತ್ತವೆ. ಒಳಗೆ ಸಾಚಾ ಸಾಫ್ಟ್‌ವೇರ್ ಇಲ್ಲದೆ ಬೀಗ ಬಿದ್ದರಂತೂ ಫೋನು ಏಳುವುದೇ ಅನುಮಾನ.

ಇಷ್ಟೆಲ್ಲ ತಾಪತ್ರಯ ಯಾಕೆ, ಅಪ್ಡೇಟ್ ಬಿಟ್ಟರಾಯಿತಲ್ಲ ಎಂದು ಅನ್ನಿಸಿರಬಹುದು. 2014ರಲ್ಲಿ ಟವೆಲ್‌ರೂಟ್ ಎಂಬ ಆ್ಯಪ್ ಬಂದಿತ್ತು. ಒಂದು ಬಟನ್ ಒತ್ತಿದರೆ ಸಾಕು, ಕಂಪ್ಯೂಟರ್ ಇಲ್ಲದೆ ಫೋನ್ ರೂಟ್. ಮಾಡಿದವನು ಐಫೋನ್ ಬೀಗ ಒಡೆದು ಹೆಸರಾಗಿದ್ದ ಜಾರ್ಜ್ ಹಾಟ್ಜ್. ಜನ ಹಬ್ಬ ಮಾಡಿದರು. ಆದರೆ ಆ ಆ್ಯಪ್ ಒಳಗೆ ಹೋಗುತ್ತಿದ್ದದ್ದು ಲಿನಕ್ಸ್ ಕರ್ನಲ್‌ನ ಒಂದು ತೂತಿನಿಂದ. ಹಾಟ್ಜ್ ಹೋಗಬಹುದಾದ ತೂತಿನಲ್ಲಿ ಕಳ್ಳನೂ ಹೋಗಬಹುದು. ಕಂಪನಿಗಳ ಅಪ್ಡೇಟ್ ಆ ತೂತು ಮುಚ್ಚಿತು. ರೂಟ್ ಉಳಿಸಿಕೊಳ್ಳಲು ಅಪ್ಡೇಟ್ ಬಿಟ್ಟವರು ತೂತನ್ನೂ ಉಳಿಸಿಕೊಂಡರು.

ಮರುವರ್ಷ ಸ್ಟೇಜ್‌ಫ್ರೈಟ್ ಎಂಬ ದೋಷ ಬಯಲಾಯಿತು. ನಿಮ್ಮ ನಂಬರ್ ಗೊತ್ತಿದ್ದವರು ಒಂದು ಎಂಎಂಎಸ್ ಕಳಿಸಿ, ನೀವು ತೆರೆಯುವ ಮೊದಲೇ ಫೋನಿನೊಳಗೆ ಕೂರಬಹುದಿತ್ತು. ಅದಾದ ಮೇಲೆಯೇ, 2015ರ ಆಗಸ್ಟಿನಿಂದ, ಗೂಗಲ್ ತಿಂಗಳಿಗೊಮ್ಮೆ ಭದ್ರತಾ ತೇಪೆ ಹಾಕುವ ಪದ್ಧತಿ ತಂದಿತು. 2016ರಲ್ಲಿ ಕ್ಯಾಸ್ಪರ್‌ಸ್ಕಿ ಬಯಲು ಮಾಡಿದ ಟ್ರಿಯಾಡ ಎಂಬ ಕಳ್ಳ ಆ್ಯಪ್ ರೂಟ್ ಅಧಿಕಾರ ಹಿಡಿದು ಫೋನಿನ ಎಲ್ಲ ಆ್ಯಪ್‌ಗಳ ಒಳಗೂ ಕೂರುವಂಥದ್ದು. ಅದು ಆಮೇಲೆ ಕೆಲವು ಅಗ್ಗದ ಫೋನುಗಳಲ್ಲಿ ಪೆಟ್ಟಿಗೆ ಒಡೆಯುವ ಮೊದಲೇ ಇತ್ತು ಎಂದು 2019ರಲ್ಲಿ ಗೂಗಲ್ ಒಪ್ಪಿಕೊಂಡಿತು. ನಮ್ಮ ಹಳ್ಳಿಯವರ ಕೈಯಲ್ಲಿರುವುದು ಇಂಥ ಅಗ್ಗದ ಫೋನೇ. ಪಿಂಚಣಿ, ಹಾಲಿನ ಬಿಲ್ಲು, ಗೃಹಲಕ್ಷ್ಮಿ ಹಣ ಜಮೆಯಾದ ಮೆಸೇಜು, ಆಧಾರ್ ಓಟಿಪಿ, ಎಲ್ಲ ಬರುವುದೂ ಅದಕ್ಕೇ.

ಇನ್ನು ಸಿಟ್ಟಿನ ವಿಷಯ. ಎಷ್ಟೋ ಬ್ಯಾಂಕ್ ಆ್ಯಪ್‌ಗಳು ರೂಟ್ ಆದ ಫೋನಿನಲ್ಲಿ ತೆರೆಯುವುದಿಲ್ಲ. ಭದ್ರತೆಗಾಗಿ ಎನ್ನುತ್ತಾರೆ, ಒಪ್ಪೋಣ. ಆದರೆ ಐದು ವರ್ಷದಿಂದ ಒಂದೂ ತೇಪೆ ಕಾಣದ, ತೂತು ಬಿದ್ದ ಜರಡಿಯಂಥ ಫೋನಿನಲ್ಲಿ ಅವೇ ಆ್ಯಪ್‌ಗಳು ಖುಷಿಯಿಂದ ತೆರೆಯುತ್ತವೆ. ರೂಟ್ ಮಾಡಿಯೂ ಈ ತಿಂಗಳ ತೇಪೆ ಹಾಕಿಕೊಂಡ ಫೋನಿಗೆ ಪ್ರವೇಶವಿಲ್ಲ. ಆ ಆ್ಯಪ್‌ಗಳು ಕೇಳಿಕೊಂಡು ಬಂದ ಪ್ರಶ್ನೆ "ಫೋನು ಭದ್ರವಾಗಿದೆಯೇ" ಎಂದಲ್ಲ, "ಫೋನು ಕಂಪನಿಯ ಮಾತು ಕೇಳುತ್ತಿದೆಯೇ" ಎಂದು. 2025ರಲ್ಲಿ ಗೂಗಲ್ ತನ್ನ ಪರೀಕ್ಷೆಯ ಅತಿ ಬಿಗಿಯಾದ ಹಂತಕ್ಕೆ, ಆಂಡ್ರಾಯ್ಡ್ 13 ಮತ್ತು ಮೇಲಿನ ಫೋನುಗಳಲ್ಲಿ ಒಂದು ವರ್ಷದೊಳಗಿನ ತೇಪೆ ಇರಬೇಕು ಎಂದು ಸೇರಿಸಿತು. ತಡವಾದರೂ ಸರಿಯಾದ ಪ್ರಶ್ನೆ ಅದೇ. ಆದರೆ ಅದರ ಇನ್ನೊಂದು ಮುಖವೂ ಇದೆ. ತೇಪೆ ಕಳಿಸುವುದನ್ನು ಕಂಪನಿ ನಿಲ್ಲಿಸಿದರೆ, ಅದರ ದಂಡ ಕಟ್ಟುವವರು ಆ ಫೋನ್ ಕೊಂಡ ಕೂಲಿಕಾರರು.

ರೂಟ್ ಮುಚ್ಚಿಟ್ಟು ಬ್ಯಾಂಕ್ ಆ್ಯಪ್ ತೆರೆಯುವ ಉಪಾಯಗಳಿವೆ, ನಮ್ಮನ್ನೂ ಕೇಳುತ್ತಾರೆ. ನಾವು ಹೇಳಿಕೊಡುವುದಿಲ್ಲ. ಆ ಆಟ ತಿಂಗಳಿಗೊಮ್ಮೆ ಬದಲಾಗುತ್ತದೆ. ಮ್ಯಾಜಿಸ್ಕ್ ಮಾಡಿದ ಜಾನ್ ವೂ 2021ರಲ್ಲಿ ಗೂಗಲ್‌ನ ಆಂಡ್ರಾಯ್ಡ್ ಭದ್ರತಾ ವಿಭಾಗಕ್ಕೇ ಕೆಲಸಕ್ಕೆ ಸೇರಿದ, ರೂಟ್ ಅಡಗಿಸುವ ಸೌಲಭ್ಯವನ್ನು ಮ್ಯಾಜಿಸ್ಕ್‌ನಿಂದ ತೆಗೆದುಹಾಕಿದ. ಸಂತೆಯಲ್ಲಿ ಎಮ್ಮೆ ಕೊಂಡು ಫೋನಿನಲ್ಲೇ ದುಡ್ಡು ಕೊಡಬೇಕಾದ ಹೊತ್ತಿಗೆ ಆ್ಯಪ್ ಬಾಗಿಲು ಹಾಕಿಕೊಂಡರೆ ಯಾರನ್ನು ಕೇಳುತ್ತೀರಿ? ರೂಟ್ ಬೇಕೇ ಬೇಕು ಎನ್ನುವವರು ದುಡ್ಡಿನ ವ್ಯವಹಾರವನ್ನು ಮನೆಯ ಇನ್ನೊಂದು ಫೋನಿನಲ್ಲಿ ಇಟ್ಟುಕೊಳ್ಳಿ.

ಕಂಪನಿಗಳಿಗೆ ನಮ್ಮದೊಂದು ಬೇಡಿಕೆ. ಗೂಗಲ್ ತನ್ನ ಪಿಕ್ಸೆಲ್ ಫೋನುಗಳ ಪೂರ್ತಿ ಸಾಫ್ಟ್‌ವೇರನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತನ್ನದೇ ತಾಣದಲ್ಲಿ ಇಟ್ಟಿದೆ. ನಮ್ಮಲ್ಲಿ ಹತ್ತು ಸಾವಿರದ ಒಳಗೆ ಫೋನ್ ಮಾರುವ ಕಂಪನಿಗಳೆಲ್ಲ ಇದನ್ನೇ ಮಾಡಲಿ. ಬಿಲ್ಡ್ ನಂಬರ್ ಹಾಕಿದರೆ ಫೈಲು ಸಿಗಬೇಕು. ಈಗ ಏನಾಗುತ್ತಿದೆ? ಅಂಗಡಿಯ ಹುಡುಗ ಹೆಸರು ಗೊತ್ತಿಲ್ಲದ ತಾಣದಿಂದ, ಟೆಲಿಗ್ರಾಮ್ ಗುಂಪಿನಿಂದ ಫೈಲು ಇಳಿಸಿ ಹಾಕುತ್ತಾನೆ. ಅದರೊಳಗೆ ಏನು ಬೆರೆಸಿದ್ದಾರೆ ಎಂದು ಅವನಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ರೂಟ್ ಮಾಡುವುದು ಅಪಾಯ ಎಂದು ಎಚ್ಚರಿಸುವ ಕಂಪನಿ, ರೂಟ್‌ನಿಂದ ವಾಪಸ್ ಬರುವ ದಾರಿಯನ್ನೇ ಕೊಡದಿದ್ದರೆ ಆ ಎಚ್ಚರಿಕೆಗೆ ಬೆಲೆ ಎಲ್ಲಿದೆ?

ಅಂಗಡಿಯವರಿಗೂ ಒಂದು ಮಾತು. ನಿಮ್ಮ ಹೊಟ್ಟೆಪಾಡು ನಮಗೆ ಗೊತ್ತು. ರೂಟ್ ಮಾಡಿದರೆ ಗಿರಾಕಿಗೆ ಹೇಳಿ, ರಸೀದಿಯ ಹಿಂದೆ ಬರೆದುಕೊಡಿ: ಯಾವುದರಿಂದ ಮಾಡಿದ್ದು, ಆ ದಿನದ ಬಿಲ್ಡ್ ನಂಬರ್ ಯಾವುದು. ಮೂಲ ಬೂಟ್ ಇಮೇಜ್ ಫೈಲನ್ನು ಅವರ ಮೆಮೊರಿ ಕಾರ್ಡಿಗೆ ಹಾಕಿಕೊಡಿ. ಎರಡು ನಿಮಿಷದ ಕೆಲಸ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಫೋನನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿಸಿ. ಮೊದಲ ಪರದೆಯಲ್ಲಿ ತೆರೆದ ಬೀಗದ ಚಿತ್ರವೋ, ಫೋನ್ ಅನ್‌ಲಾಕ್ ಆಗಿದೆ ಎಂಬ ಇಂಗ್ಲಿಷ್ ಎಚ್ಚರಿಕೆಯೋ ಬಂದರೆ ಬೂಟ್‌ಲೋಡರ್ ತೆರೆದಿದೆ ಎಂದರ್ಥ. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್' ತೆರೆದು, ಡಿವೈಸ್ ಸರ್ಟಿಫೈಡ್ ಎಂದಿದೆಯೇ ನೋಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ಒಳಗೆ ಭದ್ರತಾ ತೇಪೆಯ ದಿನಾಂಕ ಇರುತ್ತದೆ, ಅದು ಯಾವ ವರ್ಷದ್ದು ಎಂದು ಓದಿ. ಏನಾದರೂ ಎಡವಟ್ಟು ಕಂಡರೆ ಮಾರುವವರನ್ನು ನೇರವಾಗಿ ಕೇಳಿ, "ರೂಟ್ ಮಾಡೀರೇನ್ರೀ? ಯಾತರಿಂದ? ಬೂಟ್ ಫೈಲ್ ಇಟ್ಟೀರೇನು?" ಎಂದು. ತಡವರಿಸಿದರೆ, ಪೂರ್ತಿ ಸಾಫ್ಟ್‌ವೇರ್ ಹಾಕಿಸುವ ಖರ್ಚು ಕಳೆದು ದರ ಹೇಳಿ. ಒಪ್ಪದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ.